ಖಾಲಿ ಟ್ಯಾಂಕಿನ ತಳದ ಮೀನು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹೋದ ವರ್ಷ ದೀಪಾವಳಿಗೆ ಇನ್ನೂ ಹತ್ತು ದಿನವಿದ್ದಾಗ ನಡೆದದ್ದು ಎಂಬುದಷ್ಟು ಖಚಿತ. ಅಂದು ಬುಧವಾರವೆಂದು ನನ್ನ ದಿನಚರಿ ಹೇಳುತ್ತದೆ, ಗುರುವಾರವೆಂದು ಮೌಶಿ, ಅಂದರೆ ನನ್ನ ಚಿಕ್ಕಮ್ಮ, ಹೇಳುತ್ತಾಳೆ. ದಿನಚರಿಯನ್ನು ಮರುದಿನ ಬರೆದದ್ದರಿಂದ ನಾನು ವಾದಕ್ಕಿಳಿದಿಲ್ಲ.

ಬೆಳಗಾವಿಯ ಹಿಂದವಾಡಿಯಲ್ಲಿರುವ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೆಯ ಸಾರ್ವಜನಿಕ ಈಜುಕೊಳವಿದೆ. ಜನರ ಬಾಯಲ್ಲಿ ಅದು ‘ಟ್ಯಾಂಕ್’. ಅದಕ್ಕೆ ಬೀಗ ಬಿದ್ದು ಎಷ್ಟೋ ವರ್ಷಗಳಾದವು. ಅದನ್ನು ಕೆಡವುತ್ತಾರೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಕಾರಣವಿದೆ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ. ಅವಳ ಬಗೆಗಿನ ನನ್ನ ನೆನಪುಗಳೆಲ್ಲ ಫೋಟೋ ನೋಡಿ, ಅವರಿವರು ಹೇಳಿದ್ದು ಕೇಳಿ ಕಟ್ಟಿಕೊಂಡವು. ಒಂದೇ ಒಂದು ಮಾತ್ರ ನನ್ನ ಸ್ವಂತದ್ದೆಂದು ನಂಬಿದ್ದೆ. ಆ ಟ್ಯಾಂಕಿನ ನೀರಿನ ಮೇಲೆ ಅಂಗಾತ ಮಲಗಿದ್ದೇನೆ. ಬೆನ್ನಿನ ಕೆಳಗೆ ಒಂದು ಅಂಗೈ. ಕಿವಿಗಳು ನೀರಲ್ಲಿವೆ, ಬಳೆಗಳ ಸದ್ದು ನನ್ನ ತಲೆಯೊಳಗೇ ಆದಂತೆ ಕೇಳುತ್ತದೆ. ಆಮೇಲೆ ಒಂದು ದನಿ: “ಬಿಡ್ಲೇನ? ಬಿಟ್ಟೆ ನೋಡ!” ಅಂಗೈ ಇಲ್ಲ. ನಾನು ಮುಳುಗಿಲ್ಲ.

ಅಪ್ಪ ಇದನ್ನು ಎಂದೂ ಒಪ್ಪಿಲ್ಲ. “ನಿಮ್ಮವ್ವ ಬಾವ್ಯಾಗ ಹಣಿಕಿ ಹಾಕಾಕೂ ಅಂಜತಿದ್ಲು. ನಿನಗ ಕನಸ ಬಿದ್ದಿರಬೇಕು,” ಎನ್ನುತ್ತಾರೆ. ಅವ್ವನ ತಂಗಿ, ಖಾನಾಪುರದ ಮೌಶಿ ಮಾತ್ರ ನನ್ನ ಪಕ್ಷ. “ಕನಸಲ್ಲ, ಖರೇನ ಐತಿ. ನಿಮ್ಮವ್ವನ ಕಲಿಸಿದ್ಲು, ನನ್ನ ಮುಂದ ಆಕೀನ ಹೇಳಿದ್ಲು. ನಾ ಏನ್ ಬಂದ ನೋಡಿಲ್ಲ. ಆ ಟ್ಯಾಂಕಿನ ಮಾರಿ ಹೆಂಗೈತಿ ಅನ್ನೂದೂ ನನಗ ಗೊತ್ತಿಲ್ಲ,” ಎಂದು ಪ್ರತಿ ಸಲವೂ ಹೇಳುತ್ತಾಳೆ. ಮೌಶಿ ಹೊಳೆಯ ಹುಡುಗಿ. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಮಲಪ್ರಭೆಯಲ್ಲಿ ಈಜು ಕಲಿತವಳು. ಹಾಗಾಗಿ ನೀರಿನ ವಿಷಯದಲ್ಲಿ ಅವಳ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತಿದ್ದೆ.

ಫೋನ್ ಮಾಡಿ ಕರೆದೆ. “ಖಾಲಿ ಟ್ಯಾಂಕ್ ನೋಡಾಕ ಖಾನಾಪುರದಿಂದ ಬರ್ಬೇಕೇನ ಪದ್ದಿ? ಓದಿ ಓದಿ ತಲಿ ಕೆಟ್ಟೈತಿ ನಿಂದು,” ಎಂದಳು. ಮರುದಿನ ಒಂಬತ್ತಕ್ಕೆಲ್ಲ ನಮ್ಮ ಬಾಗಿಲಲ್ಲಿದ್ದಳು.

ಹೊರಡುವ ಮೊದಲು ನಾನೊಂದು ಕೆಲಸ ಮಾಡಿದೆ. ಟ್ಯಾಂಕಿನ ಬಗ್ಗೆ ನೆನಪಿದ್ದುದನ್ನು ಒಂದು ಚೀಟಿಯಲ್ಲಿ ಬರೆದು ಚೀಲದಲ್ಲಿಟ್ಟುಕೊಂಡೆ. ನೋಡಿ ಬಂದ ಮೇಲೆ ಬರೆದರೆ ನೋಡಿದ್ದನ್ನೇ ನೆನಪೆಂದು ನಂಬಿಬಿಡುತ್ತೇನೆ ಎಂಬ ಭಯ. ಹೆಂಗಸರ ಕೋಣೆಗೆ ನೀರಿನ ಕಡೆ ಒಂದು ದುಂಡು ಕಿಟಕಿ. ಗೋಡೆಯ ಮೇಲೆ ‘ಈಸು ಬಾರದವರು’ ಎಂಬ ದೊಡ್ಡ ಅಕ್ಷರ. ತಳದಲ್ಲಿ ಕೆಂಪು ಬಿಲ್ಲೆಗಳಿಂದ ಮಾಡಿದ ಮೀನು. ಇಷ್ಟೇ. ಅಕ್ಷರದ ಬಗ್ಗೆ ನನಗೊಂದು ಹಳೆಯ ಸಿಟ್ಟೂ ಇತ್ತು. ಶಾಲೆಯಲ್ಲಿ ‘ಈಜು’ ಬದಲು ‘ಈಸು’ ಎಂದು ಬರೆದು ಕೆಂಪು ಗೀಟು ಹಾಕಿಸಿಕೊಂಡಿದ್ದೆ. ಗೋಡೆಯ ಮೇಲೇ ಹಾಗೆ ಬರೆದಿದೆ ಎಂದರೆ ಗುರುಗಳು ನಂಬಿರಲಿಲ್ಲ.

ಗೇಟಿನಲ್ಲಿ ಒಬ್ಬ ವಯಸ್ಸಾದ ಕಾವಲುಗಾರರಿದ್ದರು. ಮೌಶಿ ಮರಾಠಿಯಲ್ಲಿ ಮಾತು ತೆಗೆದಳು, ಅವರು ಕನ್ನಡದಲ್ಲಿ ಉತ್ತರಿಸಿದರು. “ಒಳಗ ನೋಡಾಕ ಏನೈತ್ರಿ ಅಕ್ಕಾರ? ಬರೇ ಹೊಲಸ.”

“ಈಕಿ ಸಣ್ಣಾಕಿದ್ದಾಗ ಇಲ್ಲೆ ಏನೋ ಬಿಟ್ಟ ಹೋಗ್ಯಾಳ್ರಿ. ಹುಡುಕಾಕ ಬಂದಾಳ.”

“ಏನ್ರಿ, ಬಂಗಾರೇನ?”

“ಸಿಕ್ಕರ ನಿಮಗ ತೋರಸ್ತೀವಿ ತಗೋರಿ.”

ಅವರು ನಕ್ಕು ಬೀಗ ತೆಗೆದರು. “ಹದಿನೈದ ನಿಮಿಷ ಅಷ್ಟ ನೋಡ್ರಿ. ಹಾವ ಅದಾವು, ಕಾಲ ನೋಡಿ ಇಡ್ರಿ.”

ಒಳಗೆ ಕಾಲಿಟ್ಟೆ. ಗೋಡೆಗಳ ಬಿರುಕಿನಲ್ಲೆಲ್ಲ ಹಸಿರು ಚಿಗುರಿತ್ತು. ಟಿಕೆಟ್ ಕೊಡುವ ಕಿಂಡಿಯಲ್ಲಿ ಜೇಡ ಬಲೆ ನೇಯ್ದಿತ್ತು. ಹೆಂಗಸರ ಕೋಣೆಗೆ ಓಡಿದೆ. ಮೂರು ಗೋಡೆ ಗಟ್ಟಿ, ನಾಲ್ಕನೆಯದರಲ್ಲಿ ಬಾಗಿಲು. ದುಂಡು ಕಿಟಕಿ ಇಲ್ಲ. ಮುಚ್ಚಿದ ಗುರುತೂ ಇಲ್ಲ. ಗೋಡೆಯ ಮೇಲೆಲ್ಲ ಕೈಯಾಡಿಸಿದೆ.

“ಇಲ್ಲ ಮೌಶಿ, ಕಿಟಕಿ ಇಲ್ಲ,” ಎಂದೆ. ಅಪ್ಪನ ಮಾತು ನಿಜವಾದರೆ ಅವ್ವನ ನೆನಪೆಂದು ನನ್ನ ಬಳಿ ಏನೂ ಉಳಿಯುವುದಿಲ್ಲ.

“ಕಿಟಕಿ ಹೋದ್ರ ಹೋತ ಬಿಡ. ಹೊರಗ ನೋಡ ಬಾ,” ಎಂದು ಮೌಶಿ ಕೈ ಹಿಡಿದು ಎಳೆದಳು.

ಹೊರಗೆ ಬಿಸಿಲಿನಲ್ಲಿ ಟ್ಯಾಂಕ್ ಬಾಯಿ ತೆರೆದು ಬಿದ್ದಿತ್ತು. ಎದುರು ಗೋಡೆಯಲ್ಲಿ ನೀಲಿ ಬಣ್ಣ ಸುಲಿದು ಹೋಗಿದ್ದರೂ ಅಕ್ಷರ ಓದಬಹುದಿತ್ತು: ಈಸು ಬಾರದವರು ಮುಂದೆ ಹೋಗಬಾರದು. ನಾನು ಕೂಗಿಯೇಬಿಟ್ಟೆ. ಆ ಗುರುಗಳನ್ನು ಆಗಲೇ ಕರೆತಂದು ತೋರಿಸಬೇಕೆನಿಸಿತು. ಅದರ ಬಾಜೂಕೇ ‘ಮೂರು ಅಡಿ’ ಎಂದಿತ್ತು. ಬಾವಿಯಷ್ಟು ಆಳವೆಂದು ನಾನು ನೆನಪಿಟ್ಟುಕೊಂಡಿದ್ದ ನೀರು ಬರೀ ಮೂರು ಅಡಿ!

ಚಪ್ಪಲಿ ಬಿಗಿದುಕೊಂಡು ಇಳಿದೆ. ಕೆಳಗಿನ ಮೆಟ್ಟಿಲು ಒಡೆದಿತ್ತು, ಹಾರಿಕೊಂಡೆ. ತಳದಲ್ಲಿ ಒಣಗಿದ ಕೆಸರು, ಮೇಲೆ ಎಲೆ. ಒಂದು ಕೋಲು ಹಿಡಿದು ಕೆರೆಯತೊಡಗಿದೆ. ಬಿಳಿ ಬಿಲ್ಲೆ, ಮತ್ತೆ ಬಿಳಿ, ಮತ್ತೆ ಬಿಳಿ. “ಟೈಮ್ ಆತ್ರಿ!” ಎಂದು ಗೇಟಿನಿಂದ ಕೂಗು. ಕುಕ್ಕರಗಾಲಲ್ಲಿ ಕೂತು ಕೈಯಿಂದಲೇ ಬಳಿದೆ. ಕೆಂಪು!

“ಮೌಶಿ, ಬಾಲ! ಮೀನಿನ ಬಾಲ ಸಿಕ್ತು!”

ದಂಡೆಯ ಮೇಲೆ ಮೌಶಿಯೂ ಸಣ್ಣ ಹುಡುಗಿಯಂತೆ ಹಾರಿದಳು. “ಕಣ್ಣ ನೋಡ ಪದ್ದಿ, ಕಣ್ಣ! ಕಿತ್ತ ಹೋಗಿತ್ತಲ್ಲ, ಹಾಕ್ಯಾರೇನ ಆಮ್ಯಾಲ?”

ನಾನಿನ್ನೂ ಬಾಲದ ಹತ್ತಿರವೇ ಇದ್ದೆ. ಮೀನಿನ ತಲೆ ಕೆಸರಿನ ಕೆಳಗಿತ್ತು. ನನ್ನ ಚೀಟಿಯಲ್ಲಿ ಮೀನು ಎಂದಷ್ಟೇ ಇತ್ತು, ಕಣ್ಣಿನ ಸುದ್ದಿ ನನಗೇ ನೆನಪಿರಲಿಲ್ಲ. ಟ್ಯಾಂಕನ್ನೇ ನೋಡಿಲ್ಲ ಎನ್ನುವವಳಿಗೆ ಅದು ಹೇಗೆ ಗೊತ್ತು? ಕೆಸರು ಬಳಿಯುತ್ತ ತಲೆಯವರೆಗೆ ಹೋದೆ. ಕಣ್ಣಿರಬೇಕಾದಲ್ಲಿ ಬಿಲ್ಲೆಯಿರಲಿಲ್ಲ. ಬೆರಳಿನ ತುದಿ ಹಿಡಿಯುವಷ್ಟು ಒಂದು ಕುಳಿ.

ತಲೆ ಎತ್ತಿದೆ. ಮೌಶಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದಳು. “ಸಾಕ ಬಾ ಇನ್ನ. ಆ ಮನಷ್ಯಾ ಒದರಾಕ ಹತ್ಯಾನ,” ಎಂದಳು.

ಒಡೆದ ಮೆಟ್ಟಿಲು ಹತ್ತಲಾಗಲಿಲ್ಲ. ಮೌಶಿ ಬಗ್ಗಿ ಕೈ ಚಾಚಿದಳು. ನಾನು ಹಿಡಿದೆ. ಅವಳ ಬಳೆಗಳ ಸದ್ದು ಖಾಲಿ ಟ್ಯಾಂಕಿನಲ್ಲಿ ಒಂದಕ್ಕೆ ನಾಲ್ಕಾಗಿ ಕೇಳಿಸಿತು. ಎಲ್ಲ ಬಳೆಗಳೂ ಹೀಗೇ ಸದ್ದು ಮಾಡುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಮೇಲೆ ಬಂದ ಮೇಲೆ ಆ ಕೈಯನ್ನು ಬೇಗ ಬಿಡಲಿಲ್ಲ.

“ಏನ್ ಸಿಕ್ತ್ರಿ?” ಎಂದು ಕಾವಲುಗಾರರು ಕೇಳಿದರು. ಕೆಸರಾದ ಎರಡೂ ಅಂಗೈ ತೋರಿಸಿದೆ.

ಅಂದಿನಿಂದ ನನ್ನೊಳಗೆ ಒಂದು ಕುಣಿತ ಇದ್ದೇ ಇದೆ. ಅದು ಕನಸಲ್ಲ, ನಿಜವಾಗಿ ನಡೆದದ್ದು. ನಾನು ತೇಲಿದ್ದೆ. ನನ್ನನ್ನು ಯಾರೋ ನಂಬಿ ಕೈಬಿಟ್ಟಿದ್ದರು. ಅವ್ವನ ಜಾಗದಲ್ಲಿ ಅವ್ವನೇ ಇರಲೆಂದು ಇಷ್ಟು ವರ್ಷ ಒಬ್ಬರು ತಮ್ಮನ್ನು ಅಲ್ಲಿಂದ ಅಳಿಸಿಕೊಂಡಿದ್ದರೇ? ಅಥವಾ ಆ ದಿನ ಅಕ್ಕತಂಗಿ ಇಬ್ಬರೂ ಬಂದಿದ್ದರೇ? ಇದೂ ನನ್ನ ಊಹೆಯೇ ಇರಬಹುದು.

ಗೇಟು ದಾಟುವಾಗಲೇ ಕೇಳಿದೆ. ಮೌಶಿ, “ಚಾ ಕುಡಿಯೂಣು ನಡಿ,” ಎಂದಳು. ದೀಪಾವಳಿಗೆ ಖಾನಾಪುರಕ್ಕೆ ಹೋದಾಗ, ಅವಳು ಚಕ್ಕುಲಿ ಕರಿಯುತ್ತಿದ್ದಾಗ ಮತ್ತೆ ಕೇಳಿದೆ. “ಎಣ್ಣಿ ಕಾದೈತಿ, ಬಾಜೂಕ ಸರಿ,” ಎಂದು ಒಲೆಯ ಕಡೆ ತಿರುಗಿಕೊಂಡಳು. ನಾನು ಸರಿಯಲಿಲ್ಲ. ಅಲ್ಲೇ ನಿಂತು ಇನ್ನೊಮ್ಮೆ ಕೇಳಿದೆ:

“ಮೌಶಿ, ಅವತ್ತ ನನ್ನ ಬೆನ್ನ ಕೆಳಗ ಇದ್ದ ಕೈ ಯಾರದು?”