ತಿನ್ನದೆ ಬಿಟ್ಟ ಉಪ್ಪಿಟ್ಟು

ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದು ಸ್ಟೀಲು ತಟ್ಟೆಯಿದೆ. ಅಗಲವಾದದ್ದು, ಎತ್ತರದ ಅಂಚಿನದು. ಮದುವೆಯಲ್ಲಿ ನನ್ನ ಮಾವನ ಮನೆಯವರು ಕೊಟ್ಟದ್ದು. ಅಂಚಿನ ಮೇಲೆ ‘ಗೌರಮ್ಮ’ ಎಂದು ನನ್ನ ಹೆಂಡತಿಯ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದಾರೆ. ನಗಬೇಡಿ, ಈ ತಟ್ಟೆಯನ್ನು ನೀವೂ ನೋಡಿದ್ದೀರಿ. ಹೋದ ಬೇಸಿಗೆಯಲ್ಲಿ ನಾಲ್ಕು ದಿನ ನಿಮ್ಮ ಮನೆಯ ಟಿ.ವಿ.ಯಲ್ಲಿ ಬೆಳಗಾಗೆದ್ದರೆ ಕಾಣುತ್ತಿದ್ದ ತಟ್ಟೆ ಇದೇ. ನಾನು ಇದರಲ್ಲಿ ಊಟ ಮಾಡುವುದನ್ನು ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಹರವೆಯಿಂದ ಗುಂಡ್ಲುಪೇಟೆಯ ಕಡೆಗೆ ಬರುವ ದಾರಿಯಲ್ಲಿ ನಮ್ಮೂರು. ಶಾಲೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ನನಗೆ ಊರವರ ಅರ್ಜಿ ಬರೆದುಕೊಡುವುದೇ ಉಳಿದ ಉದ್ಯೋಗ. ಊರಿನಲ್ಲಿ ಹೆರಿಗೆ ನೋಡಿಕೊಳ್ಳುತ್ತಿದ್ದ ಸಿಸ್ಟರು ವರ್ಗವಾಗಿ ಹೋದಮೇಲೆ ಅವರಿದ್ದ ಕಟ್ಟಡಕ್ಕೆ ಬೀಗ ಬಿತ್ತು, ಬೀಗಕ್ಕೆ ತುಕ್ಕು ಹಿಡಿಯಿತು, ನನ್ನ ಅರ್ಜಿಗಳಿಗೆ ಮಾತ್ರ ಉತ್ತರ ಬರಲಿಲ್ಲ. ಹೀಗಿರುವಾಗ ಒಬ್ಬ ಸಚಿವರು ನಮ್ಮೂರಿಗೆ ಬಂದು ಬಡವರೊಬ್ಬರ ಮನೆಯಲ್ಲಿ ತಿಂಡಿ ತಿನ್ನುತ್ತಾರೆಂದು ಸುದ್ದಿಯಾಯಿತು. ಅಧಿಕಾರಿಗಳು ಬಂದು, ಕಾರು ನಿಲ್ಲಲು ಜಾಗವಿದೆಯೆಂದು, ಪುಟ್ಟತಾಯಮ್ಮನ ಮನೆಯನ್ನು ಆರಿಸಿದರು. ಅರಿಶಿನದ ಹೊಲಗಳಲ್ಲಿ ಕೂಲಿ ಮಾಡುವ ಹೆಂಗಸು ಅವಳು. ಮಗ ಬಂಡೀಪುರದಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ದಿನಗೂಲಿ. ಬೇಸಿಗೆಯಲ್ಲಿ ಮನೆಯ ಮುಖ ನೋಡುವುದೇ ಅಪರೂಪ. ಸೊಸೆ ಸುಧಾ ಚೊಚ್ಚಲ ಬಸುರಿ, ಒಂಬತ್ತರಲ್ಲಿದ್ದಳು.

ಸರಿ, ನನಗೆ ಹುರುಪು ಬಂತು. ಇದ್ದಬದ್ದ ಸಂಸ್ಕೃತವನ್ನೆಲ್ಲ ಸುರಿದು, ‘ಘನತೆವೆತ್ತ’ರಿಂದ ಆರಂಭಿಸಿ, ಸಿಸ್ಟರನ್ನು ಬೇಡುವ ಅರ್ಜಿ ಬರೆದೆ. ಪುಟ್ಟತಾಯಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮ ಮನೆಯಿಂದ ಈ ತಟ್ಟೆಯನ್ನು ಕಡ ಒಯ್ದಳು. ಸಚಿವರು ಬಂದರು, ಚಾಪೆಯ ಮೇಲೆ ಕೂತರು, ಹಬೆಯಾಡುವ ಉಪ್ಪಿಟ್ಟು ಮುಂದೆ ಬಂತು. ಬಾಗಿಲ ಬಳಿ ನಿಂತಿದ್ದ ನಾನು ಕೊಡು ಕೊಡು ಎಂದು ಕಣ್ಣಲ್ಲೇ ಒದ್ದಾಡಿದೆ. ಅವಳು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು: “ತಡೀರಿ ಅಣ್ಣಯ್ಯ, ಉಣ್ಲಿ. ಬಾಯ್ಗೆ ತುತ್ತು ಇಕ್ಕೋಕ್ ಮುಂಚೆನೇ ಕೇಳ್ಬುಟ್ರೆ ಏನ್ ಚೆಂದ?”

ನಮ್ಮ ಕಡೆಯ ರೀತಿ ಅದು. ಮನೆಗೆ ಬಂದವರು ಉಂಡು ಕೈ ತೊಳೆಯುವ ತನಕ ಅವರಲ್ಲಿ ಏನನ್ನೂ ಬೇಡುವಂತಿಲ್ಲ. ಬೇಡಿದರೆ ಇಕ್ಕಿದ ಅನ್ನಕ್ಕೆ ಬೆಲೆ ಕಟ್ಟಿದಂತಾಗುತ್ತದೆ. ನಾನೂ ಆ ರೀತಿಯಲ್ಲೇ ಬೆಳೆದವನು, ಸುಮ್ಮನಾದೆ. ಅಷ್ಟರಲ್ಲಿ ಸಚಿವರ ಫೋನು ಬಡಿದುಕೊಂಡಿತು. ಕಿವಿಗಿಟ್ಟುಕೊಂಡು ಎದ್ದವರು ಹಾಗೇ ನಡೆದು ಕಾರು ಹತ್ತಿದರು. ಉಪ್ಪಿಟ್ಟು ತಟ್ಟೆಯಲ್ಲೂ ಅರ್ಜಿ ಸೊಂಟದಲ್ಲೂ ಉಳಿದವು.

ಯಾರೋ ಪುಣ್ಯಾತ್ಮ ಆ ತಟ್ಟೆಯನ್ನು ಮೊಬೈಲಿನಲ್ಲಿ ಹಿಡಿದಿದ್ದ. ಸಂಜೆಗೆಲ್ಲ ಟಿ.ವಿ.ಯಲ್ಲಿ ‘ಉಪ್ಪಿಟ್ಟಿಗೆ ಅವಮಾನ’ ಎಂಬ ಕೆಂಪು ಅಕ್ಷರಗಳು. ಪರದೆಯನ್ನು ಆರು ಚೌಕ ಮಾಡಿ ಆರು ಜನರನ್ನು ಕೂರಿಸಿದ್ದರು. ಇದು ಬಡವರಿಗಾದ ಅಪಮಾನವೆಂದು ಒಬ್ಬರು, ಉಪ್ಪು ಜಾಸ್ತಿಯಾಗಿದ್ದರೆ ಸಚಿವರೇನು ಮಾಡಬೇಕೆಂದು ಇನ್ನೊಬ್ಬರು. ಜ್ಯೋತಿಷಿಯೊಬ್ಬರಂತೂ ತಟ್ಟೆಯಿಟ್ಟ ದಿಕ್ಕೇ ಸರಿಯಿಲ್ಲವೆಂದರು. ಅಯ್ಯೋ ರಾಮ! ಹೊಟ್ಟೆ ತುಂಬಿದವರು ಒಂದು ಮುಷ್ಟಿ ರವೆಯ ಮೇಲೆ ಇಷ್ಟು ಕಿರುಚಬಲ್ಲರೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಕ್ಯಾಮೆರಾಗಳು ಊರಿಗೇ ಬಂದವು. “ಅಮ್ಮಾ, ಸಚಿವರು ತಿನ್ನದೆ ಎದ್ದಾಗ ನಿಮಗೆ ಹೇಗನ್ನಿಸ್ತು?” ಎಂದು ಒಬ್ಬ ವರದಿಗಾರ ಮೈಕು ಹಿಡಿದ.

“ಅನ್ಸದೇನಪ್ಪ, ಅವ್ರ್ಗೆ ಏನ್ ಅರ್ಜೆಂಟಿತ್ತೋ ಏನೋ,” ಎಂದಳು ಪುಟ್ಟತಾಯಮ್ಮ. “ನಮ್ಮೂರ್ಗೆ ಒಬ್ರು ಸಿಸ್ಟರಮ್ಮನ್ನ ಆಕ್ಸ್‌ಕೊಡಪ್ಪ. ಸೊಸೆಗೆ ದಿನ ತುಂಬ್ತಾ ಅದೆ.”

“ಅದೆಲ್ಲ ಆಮೇಲೆ ಅಮ್ಮ, ಉಪ್ಪಿಟ್ಟಿನ ಬಗ್ಗೆ ಹೇಳಿ.”

ಅವಳ ಕೈಯಲ್ಲಿ ಮತ್ತೊಮ್ಮೆ ಉಪ್ಪಿಟ್ಟು ಮಾಡಿಸಿದರು. ತಟ್ಟೆ ಕ್ಯಾಮೆರಾದ ಕಡೆಗೆ ಸ್ವಲ್ಪ ವಾಲಿದರೆ ಚೆನ್ನಾಗಿ ಕಾಣುತ್ತದೆಂದು, ಅವಳು ನೀಡಿದ ಅರ್ಜಿಯನ್ನೇ ಮಡಿಸಿ ಅದರ ಅಡಿಗೆ ಒತ್ತುಕೊಟ್ಟರು. ಹಾಗಾಗಿ ಇಡೀ ನಾಡು ನನ್ನ ಅರ್ಜಿಯನ್ನು ನೋಡಿದೆ. ಓದಿದವರು ಯಾರೂ ಇಲ್ಲ.

ಅವರೆಲ್ಲ ಹೋದಮೇಲೆ, ಎಣ್ಣೆ ಅಂಟಿದ ಆ ಕಾಗದವನ್ನು ಅವಳು ನನ್ನ ಕೈಗಿಟ್ಟಳು. ನಾಳೆಯೇ ಚಾಮರಾಜನಗರದ ಕಚೇರಿಗೆ ಹೋಗಿ ಕೊಟ್ಟು, ಕೂತು, ಏನಾದರೊಂದು ಏರ್ಪಾಟು ಮಾಡಿಸಿಯೇ ಬರುತ್ತೇನೆ ಎಂದು ಮಾತು ಕೊಟ್ಟೆ. ಇನ್ನು ಮುಂದಿನದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಮರುದಿನ ಅಂಗಿ ತೊಟ್ಟು, ಅರ್ಜಿಯನ್ನು ಜೇಬಿಗಿಟ್ಟು ಹೊರಟಿದ್ದೆ. ಆಗಲೇ ಟಿ.ವಿ.ಯವರು ತಟ್ಟೆಯ ಅಂಚನ್ನು ದೊಡ್ಡದು ಮಾಡಿ, ‘ಯಾರು ಈ ಗೌರಮ್ಮ?’ ಎಂದು ಕೇಳತೊಡಗಿದರು. ಸಂತೆಮರಹಳ್ಳಿಯಿಂದ ಭಾವಮೈದುನ ಫೋನು ಮಾಡಿದ, ಮೈಸೂರಿನಿಂದ ಷಡ್ಡಕ ಮಾಡಿದ. ನಾನು ಕೂತೆ. ಬೈಯುತ್ತಲೇ ನೋಡಿದೆ, ನೋಡುತ್ತಲೇ ಬೈದೆ, ಹತ್ತು ಗಂಟೆಯ ಬಸ್ಸು ಹೋಯಿತು. ಅದರ ಮಾರನೆಯ ದಿನವೂ ಹೋಯಿತು. ಆ ಆರು ಚೌಕಗಳ ಜನರನ್ನು ಶಪಿಸುವ ನಾನು, ನಿಜ ಹೇಳಬೇಕೆಂದರೆ, ಏಳನೆಯ ಚೌಕದಲ್ಲಿ ಕೂತವನು.

ಅದರ ಮರುದಿನ ಬೆಳಿಗ್ಗೆ ಸುಧಾಳಿಗೆ ನೋವು ಕಾಣಿಸಿಕೊಂಡಿತು. ನೋವು ಹೊಸದು, ನೋಡಿ ಹೇಳುವವರಿಲ್ಲ, ಇನ್ನೂ ದಿನವಿದೆಯೆಂದು ಕಾದರು. ಆಟೊ ಹಿಡಿದು ಚಾಮರಾಜನಗರದ ದಾರಿ ಹಿಡಿದಾಗ ಮಧ್ಯಾಹ್ನವಾಗಿತ್ತು. ನಾನೂ ಜೊತೆಗಿದ್ದೆ. ಹೆರಿಗೆ ದಾರಿಯಲ್ಲೇ ಆಯಿತು. ಆಸ್ಪತ್ರೆ ತಲುಪಿದಾಗ ತಾಯಿ ಉಳಿದಳು, ಮಗು ಉಳಿಯಲಿಲ್ಲ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತಂತೆ. ತಿಳಿದವರು ಒಬ್ಬರು ಪಕ್ಕದಲ್ಲಿದ್ದಿದ್ದರೆ ಬಿಡಿಸಬಹುದಿತ್ತು ಎಂದರು ಡಾಕ್ಟರು. ಹೆಣ್ಣು ಮಗು.

ಹೊರಗೆ ಬೆಂಚಿನ ಮೇಲೆ ನಾನೂ ಪುಟ್ಟತಾಯಮ್ಮನೂ ಕೂತಿದ್ದೆವು. ಎದುರು ಗೋಡೆಯ ಮೇಲೆ ಟಿ.ವಿ. ಓಡುತ್ತಿತ್ತು. ವಿವಾದಕ್ಕೆ ತೆರೆ ಎಳೆಯಲೆಂದು ಸಚಿವರು ತಮ್ಮ ಮನೆಯಲ್ಲಿ ಕ್ಯಾಮೆರಾಗಳ ಮುಂದೆ ಒಂದು ತಟ್ಟೆ ಉಪ್ಪಿಟ್ಟು ತಿನ್ನುತ್ತಿದ್ದರು. ತಿಂದು, ನಕ್ಕು, ಕೈ ತೊಳೆದರು. ಅವಳು ಅದನ್ನು ಕಣ್ಣು ಮಿಟುಕಿಸದೆ ನೋಡಿ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

“ಉಂಡ್ರಲ್ಲ ಅಣ್ಣಯ್ಯ. ಈಗ ಕೇಳ್ಬೌದಾ?”

ಅರ್ಜಿ ನನ್ನ ಜೇಬಿನಲ್ಲೇ ಇತ್ತು.

ಮರುದಿನದಿಂದ ಟಿ.ವಿ.ಯಲ್ಲಿ ಯಾರೋ ನಟಿಯ ಸೀರೆಯ ಬಣ್ಣದ ಗಲಾಟೆ ಶುರುವಾಯಿತು. ನಾನು ಆಮೇಲೆ ಕಚೇರಿಗೆ ಹೋದೆ, ಅರ್ಜಿ ಕೊಟ್ಟೆ, ಠಸ್ಸೆ ಹಾಕಿಸಿಕೊಂಡು ಬಂದೆ. ಸಿಸ್ಟರ ಕಟ್ಟಡದ ಬೀಗ ಇವತ್ತಿಗೂ ಹಾಗೇ ಇದೆ. ಪುಟ್ಟತಾಯಮ್ಮ ತಟ್ಟೆಯನ್ನು ಬೂದಿ ಹಾಕಿ ಬೆಳಗಿ ತಂದುಕೊಟ್ಟಳು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು.

ನೀವು ಎಂದಾದರೂ ಗುಂಡ್ಲುಪೇಟೆಯ ಕಡೆ ಬಂದರೆ ನಮ್ಮ ಮನೆಗೆ ಬನ್ನಿ. ಇದೇ ತಟ್ಟೆಯಲ್ಲಿ ಗೌರಮ್ಮ ಬಿಸಿಬಿಸಿ ಉಪ್ಪಿಟ್ಟು ಕೊಡುತ್ತಾಳೆ. ದಯವಿಟ್ಟು ಅರ್ಧಕ್ಕೆ ಏಳಬೇಡಿ. ಪೂರ್ತಿ ತಿಂದು ಕೈ ತೊಳೆದುಕೊಳ್ಳಿ. ಆಮೇಲೆ ನಿಮ್ಮಲ್ಲಿ ಒಂದು ಮಾತು ಕೇಳುವುದಿದೆ.