ನನ್ನ ಕಾರು, ಅಣ್ಣ ಹಾಕಿಸಿದ ಪೆಟ್ರೋಲ್

ಹೋದ ವರ್ಷ ಗೌರಿ ಹಬ್ಬ ಕಳೆದ ಮೇಲೆ ಬಂದ ಶನಿವಾರ ನಡೆದದ್ದು ಇದು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಮನೆ ಬಸವನಗುಡಿಯಲ್ಲಿ. ಅಮ್ಮ, ಅಣ್ಣ, ನಾನು, ಮೂವರೇ. ಅಣ್ಣ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾನೆ. ನಾನು ವಿಮಾ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು ನಲವತ್ತು ದಾಟಿದೆ, ಮದುವೆಯಾಗಿಲ್ಲ, ಆ ಬಗ್ಗೆ ಬೇಸರವೂ ಇಲ್ಲ. ನನಗಿರುವ ಹುಚ್ಚು ಒಂದೇ, ಕಾರು. ಕೆಲವು ವರ್ಷಗಳ ಹಿಂದೆ ನನ್ನ ದುಡಿಮೆಯಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಅದರ ಹಿಂದಿನ ಮಾಲೀಕರು ಎಂಜಿನ್‌ಗೆ ಸೂಪರ್‌ಚಾರ್ಜರ್ ಹಾಕಿಸಿದ್ದರು. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತಾ ಒಳಗೆ ಹೆಚ್ಚು ಗಾಳಿ ನೂಕುವ ಯಂತ್ರ ಅದು. ಹೆಚ್ಚು ಗಾಳಿ ಹೋದಷ್ಟೂ ಹೆಚ್ಚು ಶಕ್ತಿ. ಆಫೀಸಿಗೆ, ತರಕಾರಿಗೆ, ಅಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯಲು, ಎಲ್ಲದಕ್ಕೂ ನನಗೆ ಅದೇ ಕಾರು.

ಆದರೆ ಆ ಯಂತ್ರ ಎಂಜಿನ್ನಿಗೆ ಸರಿಯಾಗಿ ಹೊಂದಿಕೊಂಡಿರಲಿಲ್ಲ. ಸಿಗ್ನಲ್‌ನಲ್ಲಿ ಕಾರು ಮುಗ್ಗರಿಸುತ್ತಿತ್ತು, ಏರಿನಲ್ಲಿ ಎಳೆಯಲು ತಿಣುಕುತ್ತಿತ್ತು. ಎಂಜಿನ್ನಿನ ಕಂಪ್ಯೂಟರಿಗೆ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂದು ಹೇಳಿಕೊಡುವ ಕೆಲಸಕ್ಕೆ ಟ್ಯೂನಿಂಗ್ ಅನ್ನುತ್ತಾರೆ. ವಿಚಾರಿಸಿದಾಗ ಎಲ್ಲರೂ ಹೇಳಿದ್ದು ಒಂದೇ ಹೆಸರು. ಚಾಮರಾಜಪೇಟೆಯ ಹಿಂಭಾಗದ ಗಲ್ಲಿಯೊಂದರಲ್ಲಿ ಶೆಡ್ ಇಟ್ಟಿರುವ ಸತೀಶ್. ಸೂಪರ್‌ಚಾರ್ಜರ್ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ ಅಂದರು. ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡೆ. ಪ್ರೀಮಿಯಂ ಪೆಟ್ರೋಲೇ ಹಾಕಿಸಿಕೊಂಡು ಬರಬೇಕು ಎಂದು ಅವರು ಒತ್ತಿ ಹೇಳಿದರು. ಹೆಚ್ಚು ಗಾಳಿ ನೂಕುವಾಗ ಮಾಮೂಲಿ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಹತ್ತಿಕೊಂಡು ಎಂಜಿನ್ನನ್ನೇ ಒಡೆಯುತ್ತದೆ.

ಶನಿವಾರ ಬೆಳಗ್ಗೆ ಅಮ್ಮ ಎರಡು ಷರತ್ತು ಹಾಕಿದಳು. ಒಂದು, ಕಬ್ಬಿಣದ ಕೆಲಸಕ್ಕೆ ಹೋಗುವ ಗಾಡಿ ಮೊದಲು ಗಣಪತಿ ಗುಡಿಗೆ ಹೋಗಿ ಪೂಜೆ ಮಾಡಿಸಿಕೊಳ್ಳಬೇಕು. ಇನ್ನೊಂದು, ಗ್ಯಾರೇಜಿಗೆ ನಾನೊಬ್ಬಳೇ ಹೋಗಕೂಡದು, ಅಣ್ಣ ಜೊತೆಗಿರಬೇಕು. ಹಬ್ಬದ ಮನೆಯಲ್ಲಿ ರಾಮಾಯಣ ಬೇಡವೆಂದು ಒಪ್ಪಿಕೊಂಡೆ. ನಾನು ಸ್ನಾನ ಮುಗಿಸುವಷ್ಟರಲ್ಲಿ ಅಣ್ಣನೇ ಅಮ್ಮನನ್ನು ಕೂರಿಸಿಕೊಂಡು ಗುಡಿಗೆ ಹೋಗಿ ಬರುವುದು ಅಂತಾಯಿತು. ಟ್ಯಾಂಕ್ ಖಾಲಿಯಾಗುತ್ತಾ ಬಂದಿತ್ತು.

"ಬರ್ತಾ ಪೆಟ್ರೋಲ್ ಹಾಕಿಸ್ಕೊಂಡ್ ಬಾ. ಪ್ರೀಮಿಯಂ. ನೆನಪಿರ್ಲಿ" ಅಂದೆ.

"ಆಯ್ತು ಕಣೇ, ಎಷ್ಟು ಸಲ ಹೇಳ್ತೀಯ" ಅಂದ.

ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿಕೊಂಡು, ಬಾನೆಟ್ ಮೇಲೆ ಸೇವಂತಿಗೆ ಹಾರ ಹಾಕಿಕೊಂಡು ಕಾರು ಬಂತು. ಟ್ಯಾಂಕಿನ ಮುಳ್ಳು ತುದಿ ಮುಟ್ಟಿತ್ತು. ಅಲ್ಲಿಂದ ನಾನೇ ಓಡಿಸಿಕೊಂಡು ಚಾಮರಾಜಪೇಟೆಗೆ ಹೋದೆ. ಅಣ್ಣ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಮೊಬೈಲ್ ನೋಡಿದ.

ಶೆಡ್ಡಿನ ಮುಂದೆ ಡ್ರೈವರ್ ಸೀಟಿನಿಂದ ಇಳಿದವಳು ನಾನು. ಕೀ ಇದ್ದದ್ದು ನನ್ನ ಕೈಯಲ್ಲಿ. ಸತೀಶ್ ನನ್ನನ್ನು ದಾಟಿಕೊಂಡು ಹೋಗಿ ಅಣ್ಣನ ಕೈ ಕುಲುಕಿದರು.

"ಬನ್ನಿ ಸಾರ್. ಗಾಡಿ ಚೆನ್ನಾಗಿಟ್ಕೊಂಡಿದೀರ. ಏನ್ ಕಂಪ್ಲೇಂಟು?"

"ಗಾಡಿ ನಂದು. ಫೋನ್ ಮಾಡಿದ್ದೂ ನಾನೇ" ಅಂದೆ.

"ಗೊತ್ತು ಮೇಡಂ, ಗೊತ್ತು" ಅಂದು ಮತ್ತೆ ಅಣ್ಣನ ಕಡೆಗೇ ತಿರುಗಿದರು. "ಪ್ರೀಮಿಯಂ ತಾನೇ ಸಾರ್ ಹಾಕ್ಸಿರೋದು?"

"ಹೌದ್ಹೌದು, ಫುಲ್ ಟ್ಯಾಂಕ್" ಅಂದ ಅಣ್ಣ.

ಕಾರನ್ನು ಉರುಳೆಗಳ ಮೇಲೆ ಹತ್ತಿಸಿ ಬೆಲ್ಟುಗಳಿಂದ ಬಿಗಿದರು. ಗಾಡಿ ನಿಂತಲ್ಲೇ ಇದ್ದು ಚಕ್ರ ಮಾತ್ರ ತಿರುಗುವ ಏರ್ಪಾಡು ಅದು. ಸತೀಶ್ ಲ್ಯಾಪ್‌ಟಾಪ್ ಹಿಡಿದು ಸ್ಟೀರಿಂಗ್ ಮುಂದೆ ಕೂತರು, ಅಣ್ಣನನ್ನು ಪಕ್ಕಕ್ಕೆ ಕರೆದರು. ನನಗೆ ಹೇಳಿದ್ದು, "ಮೇಡಂ, ಸೌಂಡ್ ಜಾಸ್ತಿ ಇರತ್ತೆ. ಆಫೀಸಲ್ಲಿ ಫ್ಯಾನ್ ಇದೆ, ಕೂತ್ಕೊಳ್ಳಿ, ಟೀ ತರಿಸ್ತೀನಿ."

ನಾನು ಆಫೀಸಿಗೆ ಹೋಗಲಿಲ್ಲ. ಗೋಡೆಗೆ ಒರಗಿ ಅಲ್ಲೇ ನಿಂತೆ. ನಿಜ ಹೇಳಬೇಕೆಂದರೆ ಅವರ ಕೆಲಸ ನೋಡುವಂತಿತ್ತು. ಒಂದು ಸಲ ಓಡಿಸುವುದು, ಲ್ಯಾಪ್‌ಟಾಪಿನಲ್ಲಿ ಗೆರೆಗಳನ್ನು ನೋಡುವುದು, ಪೆಟ್ರೋಲಿನ ಲೆಕ್ಕ ಚೂರು ತಿದ್ದುವುದು, ಎಂಜಿನ್ ಆರಲು ಬಿಟ್ಟು ಮತ್ತೆ ಓಡಿಸುವುದು. ಮುಗ್ಗರಿಸುತ್ತಿದ್ದ ಎಂಜಿನ್ ನೋಡನೋಡುತ್ತಿದ್ದಂತೆ ನಯವಾಯಿತು. ನನ್ನ ಸಿಟ್ಟು ಅರ್ಧ ಇಳಿದೇಹೋಗಿತ್ತು.

ಆಮೇಲೆ ಸೂಪರ್‌ಚಾರ್ಜರಿನ ಒತ್ತಡ ಏರಿಸಿ ಓಡಿಸಿದರು. ಆ ಆರ್ಭಟದೊಳಗೆ ಸಣ್ಣದೊಂದು ಸದ್ದು ನನ್ನ ಕಿವಿಗೆ ಬಿತ್ತು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ, ಚಟಪಟ. ಇಷ್ಟು ವರ್ಷದಲ್ಲಿ ನನ್ನ ಕಾರು ಒಮ್ಮೆಯೂ ಅಂಥ ಸದ್ದು ಮಾಡಿರಲಿಲ್ಲ. ನಿಲ್ಲಿಸಿದ ಕೂಡಲೇ ಕಿಟಕಿಯ ಹತ್ತಿರ ಹೋದೆ.

"ಚಟಚಟ ಅಂತಿದೆ, ಕೇಳಿಸ್ತಾ? ಪೆಟ್ರೋಲ್ ಮುಂಚೆನೇ ಹತ್ತಿಕೊಳ್ತಿರ್ಬಹುದು, ನೋಡಿ."

ಸತೀಶ್ ಅಣ್ಣನಿಗೆ ಲ್ಯಾಪ್‌ಟಾಪ್ ತೋರಿಸುತ್ತಾ ಹೇಳಿದರು. "ಇಲ್ಲೊಂದು ಚೂರು ಕೆಂಪು ಬರ್ತಿದೆ ಸಾರ್. ಸೂಪರ್‌ಚಾರ್ಜರ್ ಬೆಲ್ಟಿನ ಸೌಂಡನ್ನೂ ಸೆನ್ಸರ್ ಆ ಚಟಚಟ ಅಂತಲೇ ಹಿಡ್ಕೊಳತ್ತೆ. ಒಳ್ಳೆ ಪೆಟ್ರೋಲ್ ಇದೆ, ಟೆನ್ಶನ್ ಬೇಡ."

"ನಿಮಗೆ ಹೇಳ್ತಿರೋದು ನಾನು" ಅಂದೆ.

"ಸುಮಾ, ಅವರು ಎಕ್ಸ್‌ಪರ್ಟು. ಅವರ ಕೆಲಸ ಅವರು ಮಾಡ್ಲಿ ಬಿಡೇ" ಅಂದ ಅಣ್ಣ. ಕಿಟಕಿಯ ಗಾಜು ಮೇಲೇರಿತು.

ಮತ್ತೆ ಓಡಿಸಿದರು. ಈ ಸಲ ಆ ಸದ್ದು ಕಿವಿ ಕೊಡದೆಯೇ ಕೇಳುವಷ್ಟು ಜೋರಾಗಿತ್ತು. ನಾನು ಓಡಿಹೋಗಿ ಅಂಗೈಯಿಂದ ಗಾಜು ಬಡಿದೆ. ಸತೀಶ್ ಬೆಚ್ಚಿ ನನ್ನ ಕಡೆ ನೋಡುವುದಕ್ಕೂ ಒಳಗೆ ಧಡ್ ಅನ್ನುವುದಕ್ಕೂ ಸರಿಹೋಯಿತು. ಹಿಂದಿನಿಂದ ಬಿಳಿ ಹೊಗೆ ಭಸಭಸ ಬಂತು. ಎಂಜಿನ್ ಒಂದು ಕಾಲು ಮುರಿದ ಕುದುರೆಯ ಹಾಗೆ ಕುಂಟಿ ನಿಂತುಹೋಯಿತು.

ಸತೀಶ್ ಇಳಿದು ಬಾನೆಟ್ ಎತ್ತಿದರು. ಅವರ ಮುಖ ಬಿಳಚಿಕೊಂಡಿತ್ತು. ಟ್ಯಾಂಕಿನ ಪೈಪಿನಿಂದ ಸ್ವಲ್ಪ ಪೆಟ್ರೋಲ್ ಗಾಜಿನ ಬಾಟಲಿಗೆ ಇಳಿಸಿಕೊಂಡು, ಪರೀಕ್ಷೆ ಮಾಡುವ ಸಾಧನಕ್ಕೆ ಹಾಕಿ ನೋಡಿದರು.

"ಸಾರ್, ಇದು ಆರ್ಡಿನರಿ" ಅಂದರು.

ನಾನು ಅಣ್ಣನ ಕಡೆ ತಿರುಗಿದೆ. "ಯಾವುದ್ ಹಾಕಿಸ್ದೆ?"

ಅವನು ಕತ್ತಿನ ಹಿಂದೆ ಕೆರೆದುಕೊಂಡ. "ಪ್ರೀಮಿಯಂ ಕಡೆ ಕ್ಯೂ ಇತ್ತು. ಅಮ್ಮಂಗೆ ಬಿಸಿಲು. ಎರಡೂ ಪೆಟ್ರೋಲೇ ಅಲ್ವೇನೆ?"

"ಮತ್ತೆ ಇವರು ಕೇಳ್ದಾಗ ಹೌದು ಅಂದ್ಯಲ್ಲ?"

ನಾಲ್ಕು ಜನರ ಮುಂದೆ ಗೊತ್ತಿಲ್ಲದವನಂತೆ ಕಾಣಬಾರದು, ಅಷ್ಟೇ ಅವನಿಗೆ ಬೇಕಿದ್ದದ್ದು. ಅದಕ್ಕೆ ನನ್ನ ಎಂಜಿನ್ ಬಲಿಯಾಯಿತು. ಅಷ್ಟರಲ್ಲಿ ಸತೀಶ್ ಮುಂದೆ ಬಂದು ತಲೆ ತಗ್ಗಿಸಿ ಹೇಳಿದರು, "ಸಾರಿ ಸಾರ್. ಆ ಕೆಂಪು ಗೆರೆ ನೋಡಿದಾಗ್ಲೇ ನಿಲ್ಲಿಸ್ಬೇಕಿತ್ತು."

ಸುಳ್ಳು ಹೇಳಿದವನಿಗೇ ಕ್ಷಮೆ ಕೇಳುತ್ತಿದ್ದರು. ಆ ಶೆಡ್ಡಿನಲ್ಲಿ ನಾನು ಕೂಗಾಡಿದ್ದು ಪಕ್ಕದ ಗಲ್ಲಿಗೂ ಕೇಳಿಸಿರಬೇಕು. "ಎಚ್ಚರಿಸಿದ್ದು ನಾನು. ಹಾಳಾಗಿದ್ದು ನನ್ನ ಗಾಡಿ. ಇವನಿಗ್ಯಾಕ್ರೀ ಸಾರಿ ಹೇಳ್ತೀರಾ?" ಅಂದೆ. ಅಣ್ಣ ನನ್ನ ತೋಳು ಹಿಡಿದು "ಜನ ನೋಡ್ತಿದಾರೆ" ಅಂದ. ಕೈ ಕೊಡವಿಕೊಂಡು ಆಟೋ ಹತ್ತಿ ಮನೆಗೆ ಬಂದೆ.

ಅಷ್ಟರಲ್ಲೇ ಅಣ್ಣ ಫೋನ್ ಮಾಡಿಯಾಗಿತ್ತು. ಮನೆಯಲ್ಲಿ ಅಮ್ಮ ಅಂದದ್ದು, "ಅಣ್ಣನ ಮರ್ಯಾದೆ ಬೀದೀಲಿ ಕಳೆದ್ಯಂತೆ?"

ಬೇರೆ ಟ್ಯೂನರ್‌ಗಳನ್ನು ಹುಡುಕಿದೆ. ಹೋದಲ್ಲೆಲ್ಲ, ಸೂಪರ್‌ಚಾರ್ಜರ್ ಆದರೆ ಸತೀಶ್ ಹತ್ತಿರವೇ ಹೋಗಿ ಎಂದರು. ಬೇರೆ ದಾರಿಯಿಲ್ಲದೆ ಅದೇ ಶೆಡ್ಡಿಗೆ ಮತ್ತೆ ಹೋಗಬೇಕಾಯಿತು, ಅದು ನನ್ನನ್ನು ಇನ್ನಷ್ಟು ಉರಿಸಿತು. ಒಬ್ಬಳೇ ಹೋದೆ. ಎಂಜಿನ್ ಬಿಚ್ಚಿಟ್ಟಿದ್ದರು. ಒಂದು ಪಿಸ್ಟನ್ನಿನ ಅಂಚು ಇಲಿ ಕಡಿದ ಹಾಗೆ ಆಗಿತ್ತು. ತಮ್ಮ ತಪ್ಪೂ ಇದೆ, ಕೂಲಿ ತೆಗೆದುಕೊಳ್ಳುವುದಿಲ್ಲ ಎಂದರು.

"ಕೂಲಿ ಕೊಡ್ತೀನಿ. ಈ ಸಲ ಸ್ಟೀರಿಂಗ್ ಹಿಡಿಯೋದು ನಾನು. ಏನ್ ಕೇಳೋದಿದ್ರೂ ನನ್ನ ಕೇಳಿ" ಅಂದೆ.

ಎಂಜಿನ್ ಸರಿಮಾಡಿ ಮತ್ತೆ ಉರುಳೆಗಳ ಮೇಲೆ ಹತ್ತಿಸಿದ ದಿನ ನಾನು ಓಡಿಸಿದೆ, ಅವರು ಪಕ್ಕದಲ್ಲಿ ಕೂತು ತಿದ್ದಿದರು. ಪ್ರತಿ ಸಲ ನಿಲ್ಲಿಸಿದಾಗಲೂ "ಮೇಡಂ, ನಿಮಗೇನಾದ್ರೂ ಬೇರೆ ಸೌಂಡ್ ಕೇಳಿಸ್ತಾ?" ಅಂದರು. ಕೆಲಸ ಬಹಳ ಚೆನ್ನಾಗಿ ಆಯಿತು. ಸಂತೋಷವೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಇಷ್ಟು ಸುಲಭದ ಆ ಪ್ರಶ್ನೆಯನ್ನು ಅವರು ನನ್ನನ್ನು ಕೇಳಲು ಒಂದು ಎಂಜಿನ್ ಒಡೆಯಬೇಕಿತ್ತೇ ಎಂದು ಅವತ್ತೂ ಅನ್ನಿಸಿತು, ಇವತ್ತೂ ಅನ್ನಿಸುತ್ತದೆ.

ಅಣ್ಣ ಆ ಪೆಟ್ರೋಲಿನ ವಿಷಯವನ್ನು ಮನೆಯಲ್ಲಿ ಒಮ್ಮೆಯೂ ಎತ್ತಿಲ್ಲ. ನೆಂಟರು ಕೇಳಿದರೆ "ಹಳೇ ಎಂಜಿನ್, ಹೋಯ್ತು" ಅನ್ನುತ್ತಾನೆ. ಕಳೆದ ತಿಂಗಳು ಮತ್ತಿಕೆರೆಯಲ್ಲಿ ಅವನ ಸ್ನೇಹಿತರ ಮನೆ ಗೃಹಪ್ರವೇಶವಿತ್ತು. ರೇಷ್ಮೆ ಪಂಚೆ ಉಟ್ಟು ಬಂದು ಕಾರಿನ ಕೀ ಕೇಳಿದ.

"ಆರ್ಡಿನರಿ ಹಾಕಿಸ್ದೆ, ಆಮೇಲೆ ಸುಳ್ಳು ಹೇಳ್ದೆ ಅಂತ ಅಮ್ಮನ ಮುಂದೆ ಒಂದ್ಸಲ ಹೇಳು. ಕೊಡ್ತೀನಿ" ಅಂದೆ.

ಅಣ್ಣ ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಮೊಬೈಲ್ ತೆಗೆದು ಆಟೋ ಬುಕ್ ಮಾಡಿದ.