ಮಗ್ಗುಲಿಗೆ ಹೊರಳಿಸಿದವರು

ನಮಗೆ ಕಲಿಸುತ್ತಿದ್ದ ಅಕ್ಕೋರ ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಾಗಿತ್ತು. ಸುತ್ತಲೂ ಹಲ್ಲಿನ ಗುರುತು. ಶೇಡಬಾಳದ ಪಕ್ಕದ ನಮ್ಮೂರ ಸಾಲಿಯಲ್ಲಿ ಅದೇನೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎಂಬತ್ತರ ದಶಕದ ಕೊನೆ. ನಾನು ಆರನೇ ಇಯತ್ತೆ. ಒಂದು ಮುಂಜಾನೆ ಪ್ರಾರ್ಥನೆಗೆ ನಿಂತಿದ್ದಾಗ ಎದುರಿನ ಬಾವುಟದ ಕಂಬ ವಾಲಿದಂತಾಯಿತು. ಎಚ್ಚರವಾದಾಗ ಮಣ್ಣಿನ ಮೇಲೆ ಮಗ್ಗುಲಾಗಿ ಮಲಗಿದ್ದೆ. ಬಾಯಲ್ಲಿ ರಕ್ತದ ರುಚಿ. ಒದ್ದೆಯಾದ ಲಂಗದ ಮೇಲೆ ಅಕ್ಕೋರು ತಮ್ಮ ಸೆರಗು ಹೊದಿಸಿ ಕುಳಿತಿದ್ದರು. ಮಕ್ಕಳು ಗೋಡೆಗೆ ಅಂಟಿಕೊಂಡಿದ್ದರು. ಹೆಡ್ ಮಾಸ್ತರರ ಕೈಯಲ್ಲಿ ನನಗೆ ಹಿಡಿಸಲು ತಂದ ಕಬ್ಬಿಣದ ಕೀಲಿಗಳಿದ್ದವು. ಯಾರೋ ಮೂಸಿಸಲು ಚಪ್ಪಲಿ ಹಿಡಿದಿದ್ದರು; ಅಕ್ಕೋರು ಹತ್ತಿರ ಬಿಟ್ಟಿರಲಿಲ್ಲ.

"ಇಲ್ಲೇ ಅದೀನಿ ತಂಗಿ," ಅಂದರು.

ಅಂದಿನಿಂದ ನನ್ನ ಬಾಯಿಯ ನೊರೆ ತಾಗಿದರೆ ತಮಗೂ ಮೂರ್ಛೆ ಬರುತ್ತದೆಂದು ಯಾರೂ ನನ್ನ ಪಕ್ಕ ಕೂಡಲಿಲ್ಲ. ನನಗೆ ನಿಂತರೂ ಭಯ, ನಡೆದರೂ ಭಯ. ಹೆಡ್ ಮಾಸ್ತರರು ಅಪ್ಪನನ್ನು ಕರೆಸಿ, "ಸಾಲಿ ಹಿಂದ ಬಾವಿ ಐತಿ. ಏನರ ಆದ್ರ ಯಾರ ಜವಾಬ್ದಾರಿ? ಮನ್ಯಾಗ ಇಟ್ಟಕೋರಿ," ಅಂದರು. ಯಾರ ಮುಂದೂ ಬಾಯಿ ಬಿಡಬೇಡ ಎಂದು ಅವ್ವ ಆಣೆ ಮಾಡಿಸಿಕೊಂಡಳು.

ಸಂಜೆ ಮನೆಗೆ ಬಂದ ಅಕ್ಕೋರು ಆ ಬೆರಳನ್ನು ಅವ್ವನ ಮುಂದೆ ಚಾಚಿದರು.

"ನನ್ನ ತಮ್ಮಗೂ ಇದ ಇತ್ರಿ. ಹಲ್ಲ ಬಿಡಸಾಕ ಬೆರಳ ಹಾಕಿದ್ದೆ. ಊರಿಗೆ ಗೊತ್ತಾಗಬಾರದಂತ ಮುಚ್ಚಿಟ್ಟಿದ್ವಿ. ಒಂದಿನ ಹೊಳ್ಯಾಗ ಬಂತು. ದಂಡಿ ಮ್ಯಾಲ ಮಂದಿ ಇದ್ರು. ನೀರಾಗ ಆಡಾಕತ್ತಾನ ಅಂತ ತಿಳಕೊಂಡ್ರು."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮರುದಿನ ಅಪ್ಪ ನನ್ನನ್ನು ಮಿರಜಿನ ಡಾಕ್ಟರ ಹತ್ತಿರ ಕರೆದೊಯ್ದ. ದಿನಾ ಗುಳಿಗೆ ಶುರುವಾಯಿತು.

ಜವಾಬ್ದಾರಿ ತಮ್ಮದೆಂದು ಹೇಳಿ ನನ್ನನ್ನು ಮತ್ತೆ ಸಾಲಿಗೆ ಕರೆತಂದ ಅಕ್ಕೋರು ಆ ವಾರ ಸೆರಗು ಸಿಕ್ಕಿಸಿ ವರ್ಗದ ನೆಲದ ಮೇಲೆ ಮಲಗಿಬಿಟ್ಟರು. "ಈಗ ನನಗ ಬಂದೈತಿ. ಗಾಬರಿ ಆಮ್ಯಾಲೆ ಆಗೂಣು. ಮೊದಲ ಬಾಜೂದ್ದೆಲ್ಲಾ ಸರಸ್ರಿ, ತಲಿ ಕೆಳಗ ಚೀಲ ಇಡ್ರಿ, ಮಗ್ಗಲಕ ಹೊಳ್ಳಸ್ರಿ. ಕೈಕಾಲ ಒತ್ತಿ ಹಿಡೀಬ್ಯಾಡ್ರಿ. ಬಾಯಾಗ ಏನೂ ಹಾಕಬ್ಯಾಡ್ರಿ. ಗಡಿಯಾರ ನೋಡ್ರಿ, ಐದ ಮಿನಿಟ ದಾಟಿದ್ರ ದವಾಖಾನಿಗೆ." ಮೊದಲು ನಕ್ಕ ಮಕ್ಕಳು ಆ ಭಾರದ ಮೈಯನ್ನು ಹೊರಳಿಸಲು ಒಬ್ಬರಿಗೊಬ್ಬರು ಕೈ ಕೊಟ್ಟರು.

ನನಗೆ ಮತ್ತೆ ಬಂದದ್ದು ಅಕ್ಕೋರು ರಜೆಯಲ್ಲಿದ್ದ ದಿನ. ಎಚ್ಚರವಾದಾಗ ನನ್ನ ತಲೆಯ ಕೆಳಗೆ ನನ್ನ ವರ್ಗದ ರಜಿಯಾಳ ಚೀಲವಿತ್ತು. ಎಲ್ಲರಂತೆ ನನ್ನ ಪಕ್ಕ ಕೂಡಲೊಲ್ಲದ ಅವಳು ಅಳುತ್ತ ನನ್ನ ಬಾಯಿ ಒರೆಸುತ್ತಿದ್ದಳು. "ಭಾಳ ಅಂಜಿಕಿ ಬಂತು ನನಗ. ಆದ್ರೂ ಬಿಟ್ಟ ಹೋಗಲಿಲ್ಲ," ಅಂದಳು.

ತೊಂಬತ್ತರ ದಶಕದ ನಡುವೆ ಅಕ್ಕೋರು ಕಾಮಾಲೆಯಿಂದ ತೀರಿಕೊಂಡರು. ಅದೇ ವರ್ಷ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಸುಮ್ಮನಿರೆಂದು ಅವ್ವ ಕಣ್ಸನ್ನೆ ಮಾಡಿದಳು. ನಾನು ಚಹದ ಕಪ್ಪು-ಬಸಿಗಳನ್ನು ಅವರ ಮುಂದಿಟ್ಟೆ. ಆದರೆ ಮುಚ್ಚಿಟ್ಟು ಬದುಕುವುದು, ಅಕ್ಕೋರಿಂದಾಗಿ, ನನ್ನಿಂದ ಆಗದ ಮಾತಾಗಿತ್ತು.

"ನನಗ ಮೂರ್ಛೆ ಬರತೈತ್ರಿ. ಬಂದ್ರ ಏನ ಮಾಡಬೇಕಂತ ಹೇಳತೀನಿ."

ಅವರು ಎದ್ದು ಹೋದರು. ಮುಂದೆ ಬಂದವರೂ ಎದ್ದು ಹೋದರು. ಆಮೇಲೆ ನೋಡಲು ಬಂದವರೊಬ್ಬರು ಬಸಿ ಕೆಳಗಿಟ್ಟು ನನ್ನ ಕಡೆ ತಿರುಗಿ ಕುಳಿತರು.

"ಹೇಳ್ರಿ," ಅಂದರು.